ತಿರುವಿ ಹಾಕುವ ಬೆಲೆ

ನನ್ನ ಅಕ್ಕ ಯಾದಗಿರಿ ಸ್ಟೇಷನ್ನಿನ ಹತ್ತಿರ ಮೂವತ್ತು ವರ್ಷ ಖಾನಾವಳಿ ನಡೆಸಿದವಳು. ಮದುವೆಯಾದ ಆರನೇ ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ತವರಿಗೆ ಬಂದು ಅಣ್ಣನ ಅನ್ನಕ್ಕೆ ಕೂರುವ ಬದಲು ಜೋಳದ ರೊಟ್ಟಿ ಬಡಿದು ಊರಿಗೆ ಉಣಿಸಿದಳು. ಅವಳ ಊಟದಲ್ಲಿ ಕೊಂಕು ತೆಗೆದ ಗಿರಾಕಿ ಮರುದಿನವೂ ಅಲ್ಲಿಗೇ ಬರುತ್ತಿದ್ದ, ಬಾಯಿ ಮುಚ್ಚಿಕೊಂಡು. ಅರವತ್ತಾರನೇ ವಯಸ್ಸಿನಲ್ಲಿ ಅವಳಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಹೋದವು. ಮಾತು ಸ್ವಲ್ಪ ತೊದಲಿತು. ತಲೆ ಮಾತ್ರ ನೆಟ್ಟಗಿತ್ತು, ನಾಲಿಗೆಯ ಹರಿತವೂ ಹಾಗೇ ಇತ್ತು.

ಆಸ್ಪತ್ರೆಯಿಂದ ಬಿಡಿಸಿಕೊಳ್ಳುವ ಮುಂಚೆ ಶಹಾಪುರದಲ್ಲಿ ಅಣ್ಣನ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದೆವು. ಅಣ್ಣನದು ಬೀಜ ಗೊಬ್ಬರದ ಅಂಗಡಿ. ನಾನು ಸುರಪುರದ ಸರ್ಕಾರಿ ಶಾಲೆಯ ಟೀಚರ್, ನಿವೃತ್ತಿಗೆ ಇನ್ನೂ ಎರಡು ವರ್ಷ ಬಾಕಿ ಇತ್ತು.

"ನಮ್ಮ ಮನ್ಯಾಗ ಇರಲಿ ಬಿಡು, ನಾವೇನ್ ಸತ್ತೀವೇನು?" ಅಂದ ಅಣ್ಣ. ಒಳಗೆ ಅವನ ಹೆಂಡತಿ, ನಮ್ಮ ವೈನಿ, ಪಾತ್ರೆ ಕುಕ್ಕಿದ ಸಪ್ಪಳ ಕೇಳಿಸಿತು. ಅಣ್ಣ ಅದೇ ಉಸಿರಿನಲ್ಲಿ, "ಆದ್ರ ಈಗ ಬಿತ್ತಿಗಿ ಟೈಮು, ಅಂಗಡಿ ಬಿಟ್ಟು ಅಲ್ಲಾಡಾಕ ಆಗಂಗಿಲ್ಲ. ನಿಮ್ಮ ವೈನಿಗಿ ಸೊಂಟದ ತ್ರಾಸು ಬ್ಯಾರೆ" ಎಂದ. ನಾನೂ ಶಾಲೆ, ಪರೀಕ್ಷೆ ಎಂದೇನೋ ಹೇಳಿದೆ. ನನ್ನ ಕಾರಣ ಅವನದಕ್ಕಿಂತ ಉತ್ತಮವಾಗಿತ್ತು ಅಂತ ಇವತ್ತು ಹೇಳಲಾರೆ.

ಹಾಗಾಗಿ ಅಕ್ಕ ಯಾದಗಿರಿಯ ಹೊರವಲಯದ ಆರೈಕೆ ಕೇಂದ್ರ ಸೇರಿದಳು. ತಿಂಗಳ ಶುಲ್ಕ ನನ್ನ ಪಗಾರದ ಅರ್ಧಕ್ಕಿಂತ ಹೆಚ್ಚು. ಖಾನಾವಳಿ ಮಾರಿ ಬಂದ ದುಡ್ಡು ಅವಳದೇ ಇತ್ತು, ಅದರಿಂದಲೇ ಕೊಟ್ಟೆವು. ಅಂದರೆ ನಮ್ಮ ಜೇಬಿನಿಂದ ಒಂದು ರೂಪಾಯಿ ಹೋಗಲಿಲ್ಲ. ಆದರೂ ಅಣ್ಣ ಕಂಡವರ ಮುಂದೆಲ್ಲ "ಏನ್ ಲೂಟಿರೀ! ಹಾಸಿಗಿ ಮ್ಯಾಲ ಮಲಗಾಕ ಇಷ್ಟು ರೊಕ್ಕೇನು?" ಎಂದು ಕೊರಗುತ್ತಿದ್ದ.

ಕೇಂದ್ರದ ಮಾಲೀಕರು ಕೈ ಜೋಡಿಸಿಯೇ ಎದುರುಗೊಂಡರು. "ಮೇಡಮ್ಮರ, ಇದು ಬಿಸಿನೆಸ್ ಅಲ್ರಿ. ಸೇವಾ" ಅಂದರು. ಹಜಾರದಲ್ಲಿ ಗಾಜಿನ ತೊಟ್ಟಿ, ಅದರಲ್ಲಿ ಬಣ್ಣದ ಮೀನು. ಗೋಡೆಗೆ ಬಿಳಿ ಟೋಪಿಯ ನರ್ಸ್ ಒಬ್ಬಳ ನಗುಮುಖದ ದೊಡ್ಡ ಚಿತ್ರ. ಮೀನುಗಳಿಗೆ ಹೊತ್ತುಹೊತ್ತಿಗೆ ಆಹಾರ ಹಾಕುವವನೊಬ್ಬ ಇದ್ದ. ಇಷ್ಟು ಕಾಳಜಿ ಮೀನಿಗಿದ್ದರೆ ಮನುಷ್ಯರಿಗೆ ಇನ್ನೆಷ್ಟಿರಬೇಕು ಎಂದು ನಾನು ಲೆಕ್ಕ ಹಾಕಿದೆ. ಮೂವತ್ತೈದು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳ ಲೆಕ್ಕ ಅದು.

ಭಾನುವಾರ ಬಾಳೆಹಣ್ಣು ಹಿಡಿದು ಹೋಗುತ್ತಿದ್ದೆ. ಹೋದಾಗಲೆಲ್ಲ ಅಕ್ಕನ ತಲೆ ಬಾಚಿರುತ್ತಿದ್ದರು, ಹಾಸಿಗೆಗೆ ಹೂವಿನ ಚಾದರ. ಅರ್ಧ ತಾಸು ಅವಳ ಕೈ ಹಿಡಿದು ಕೂರುತ್ತಿದ್ದೆ. ಅವರು ಬೆಡ್‌ಪ್ಯಾನ್ ತರುವ ಹೊತ್ತಿಗೆ ಸರಿಯಾಗಿ ನನಗೆ ಬಸ್ಸಿನ ನೆನಪಾಗುತ್ತಿತ್ತು.

ಒಂದು ಬುಧವಾರ ಯಾದಗಿರಿಯಲ್ಲಿ ಶಿಕ್ಷಕರ ತರಬೇತಿ ಇತ್ತು. ಮಧ್ಯಾಹ್ನ ಅದು ಬೇಗ ಮುಗಿಯಿತು, ಹೇಳದೆ ಕೇಳದೆ ಕೇಂದ್ರಕ್ಕೆ ಹೋದೆ. ಹೂವಿನ ಚಾದರ ಇರಲಿಲ್ಲ. ಅಕ್ಕ ಒದ್ದೆ ಬಟ್ಟೆಯ ಮೇಲೆ ಅಂಗಾತ ಬಿದ್ದಿದ್ದಳು. ವಾಸನೆಗೆ ಬಾಗಿಲಲ್ಲೇ ನಿಂತೆ.

"ಯಾಕ ನಿಂತೀ, ಬಾ" ಅಂದಳು. ಹತ್ತಿರ ಹೋದ ಮೇಲೆ ತೊದಲುತ್ತ ಹೇಳಿದಳು: "ರೊಟ್ಟಿನಾದ್ರೂ ಎರಡೂ ಕಡಿ ತಿರುವಿ ಹಾಕ್ತೀವಿ. ಇವರು ನನ್ನ ಒಂದ ಕಡಿ ಸುಡಾಕತ್ಯಾರ."

ಅವಳನ್ನು ಮಗ್ಗುಲಾಗಿಸಲು ನೋಡಿದೆ, ಆಗಲಿಲ್ಲ. ಆಗ ಓಡಿಬಂದವಳು ಆಯಾ, ಬಳಿಚಕ್ರ ಎಂಬ ಹಳ್ಳಿಯ ಹೆಂಗಸು, ನಲವತ್ತರ ಆಸುಪಾಸು. ಅವಳು ಅಕ್ಕನ ಭುಜ ಮತ್ತು ಸೊಂಟಕ್ಕೆ ಕೈ ಕೊಟ್ಟು ಒಂದೇ ಸಲಕ್ಕೆ ಹೊರಳಿಸಿದಳು. ಬೆನ್ನ ಕೆಳಗೆ, ಬಾಲಮೂಳೆಯ ಹತ್ತಿರ, ಅಂಗೈ ಅಗಲದ ಹುಣ್ಣು.

"ಎರಡು ತಾಸಿಗೊಮ್ಮೆ ಹೊಳ್ಳಿಸಬೇಕ್ರಿ ಟೀಚರ್. ನನಗ ಗೊತ್ತದ. ಹದಿನಾಲ್ಕು ಮಂದಿ ಅದಾರ, ನಾ ಒಬ್ಬಾಕಿ ಅದೀನಿ" ಎಂದಳು. ಅವಳ ದನಿಯಲ್ಲಿ ಕ್ಷಮೆಯಾಚನೆಯೂ ಇರಲಿಲ್ಲ, ದೂರೂ ಇರಲಿಲ್ಲ. ನರ್ಸ್ ಎಲ್ಲಿ ಎಂದೆ. "ಗ್ವಾಡಿ ಮ್ಯಾಲ ಅದಾಳಲ್ರಿ" ಅಂದಳು, ಹಜಾರದ ಚಿತ್ರದ ಕಡೆ ಕೈ ತೋರಿಸಿ. ಪಗಾರ ಎಷ್ಟು ಕೊಡುತ್ತಾರೆಂದು ಕೇಳಿದೆ. ಅಕ್ಕ ಒಬ್ಬಳಿಂದ ಅವರು ಪಡೆಯುತ್ತಿದ್ದುದರ ಮೂರನೇ ಒಂದು ಭಾಗವೂ ಆಗಿರಲಿಲ್ಲ.

ಮಾಲೀಕರ ಕೋಣೆಗೆ ಹೋದೆ. ಅವರು ಹುಣ್ಣಿನ ಮಾತು ಬಿಟ್ಟು ಕಟ್ಟಡದ ಬಾಡಿಗೆ, ಜನರೇಟರ್, ಟಿ.ವಿ., ಮೀನಿನ ತೊಟ್ಟಿಯ ನೀರು ಶುದ್ಧ ಮಾಡುವ ಯಂತ್ರದ ತನಕ ಎಲ್ಲವನ್ನೂ ವಿವರಿಸಿದರು. "ಕ್ವಾಲಿಟಿ ಬೇಕಂದ್ರ ರೇಟು ಇದ್ದೇ ಇರ್ತದ್ರಿ."

"ರೇಟಿನ ಮ್ಯಾಲ ನನ್ನ ತಕರಾರಿಲ್ರಿ. ಕ್ವಾಲಿಟಿ ಎಲ್ಲೈತಿ ತೋರಿಸ್ರಿ, ನೋಡ್ತೀನಿ" ಅಂದೆ. ಅವರು ಗಂಟೆ ಒತ್ತಿ ನನಗೆ ಚಹಾ ತರಿಸಿದರು. ಕುಡಿಯದೆ ಎದ್ದೆ. ಮರುದಿನವೇ ಗಾಡಿ ಮಾಡಿ ಅಕ್ಕನನ್ನು ಸುರಪುರಕ್ಕೆ ಕರೆತಂದೆ.

ರಜೆ ಹಾಕಿದೆ. ದೊಡ್ಡ ಧೀರೆಯಂತೆ ಸೆರಗು ಕಟ್ಟಿ ನಿಂತೆ. ಹೊರಳಿಸುವುದು, ಒರೆಸುವುದು, ಹುಣ್ಣು ತೊಳೆದು ಪಟ್ಟಿ ಕಟ್ಟುವುದು, ತುತ್ತು ತುತ್ತಾಗಿ ಉಣಿಸುವುದು, ಒಗೆಯುವುದು. ಅಷ್ಟರಲ್ಲಿ ಮತ್ತೆ ಹೊರಳಿಸುವ ಹೊತ್ತು. ನನ್ನ ಗಂಡ ಅಂಗಡಿಯಿಂದ ಔಷಧ ತರುತ್ತಿದ್ದರು, ಬಾಗಿಲಲ್ಲಿ ನಿಂತು "ಪಾಪ" ಅನ್ನುತ್ತಿದ್ದರು. ನೆಂಟರು ಬಂದರು. ಚಹಾ ಕುಡಿದು, ಚೂಡಾ ತಿಂದು, "ಮನಿ ಮಂದಿ ಮಾಡಿದಂಗ ಆಗೂದಿಲ್ಲ ಬಿಡವಾ, ರೊಕ್ಕಾ ಕೊಟ್ಟು ಮಾಡಿಸೂದು ಎಲ್ಲಾ ಸುಳ್ಳ" ಎಂದು ಹರಸಿ ಹೋದರು. ಅವರಲ್ಲಿ ಒಬ್ಬರೂ ಒಂದು ಚಾದರ ಹಿಂಡಲಿಲ್ಲ.

ಒಂಬತ್ತನೇ ದಿನ ಅಕ್ಕ ಬಾಯಲ್ಲಿದ್ದ ಗಂಜಿಯನ್ನು ಉಗುಳಿದಳು. ಉಪ್ಪಿಲ್ಲ ಅಂದಳು. ನಾನು ಅವಳ ಕೈಗೆ ಹೊಡೆದೆ. ಸತ್ತಿದ್ದ ಎಡಗೈಗಲ್ಲ, ಬಲಗೈಗೆ, ನೋವಾಗುವ ಕೈಗೆ. ಅವಳು ನನ್ನನ್ನೇ ನೋಡಿದಳು. ಬೈಯಲಿಲ್ಲ. ಅವಳು ಬೈಯದಿದ್ದುದು ನನ್ನ ನೆನಪಿನಲ್ಲಿ ಅದೊಂದೇ ಸಲ. ಅಡುಗೆಮನೆಗೆ ಹೋಗಿ ನೆಲದ ಮೇಲೆ ಕೂತು ಅತ್ತೆ. ಪ್ರೀತಿ ಇದ್ದರೆ ಸಾಕು ಎನ್ನುವವರನ್ನೆಲ್ಲ ಸಾಲಾಗಿ ತಂದು ಒಂಬತ್ತು ದಿನ ಆ ಕೋಣೆಯಲ್ಲಿ ಕೂಡಿಹಾಕಬೇಕು ಅನಿಸಿತು. ಪ್ರೀತಿಗೆ ಸೊಂಟ ನೋಯುತ್ತದೆ. ಪ್ರೀತಿಗೆ ನಿದ್ದೆ ಬೇಕು.

ಅದೇ ವಾರ ಬಳಿಚಕ್ರಕ್ಕೆ ಹೋಗಿ ವಿಚಾರಿಸಿ ಆ ಆಯಾಳ ಮನೆ ಹುಡುಕಿದೆ. ನನ್ನೊಡನೆ ಮಾತಾಡಿದ ತಪ್ಪಿಗೆ ಅವಳನ್ನು ಕೆಲಸದಿಂದ ತೆಗೆದಿದ್ದರು. ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡದೆಯೇ ಕರಾರು ಹೇಳಿದಳು.

"ಬರ್ತೀನ್ರಿ. ಆದ್ರ ನಾ ಒಬ್ಬಾಕೀನ ಅಲ್ಲ, ರಾತ್ರಿಗಿ ನಮ್ಮ ನಾದಿನಿ. ವಾರಕ್ಕ ಒಂದಿನ ಸೂಟಿ. ಗಾಳಿ ಹಾಸಿಗಿ ತರಬೇಕು. ಪಗಾರ ಇಷ್ಟು. 'ಬಾಳ ಆತು, ಕಮ್ಮಿ ಮಾಡು' ಅನ್ನಂಗಿದ್ರ ಈಗ ಹೇಳಿಬಿಡ್ರಿ, ಬಸ್ಸು ಇನ್ನೂ ಹೋಗಿಲ್ಲ."

ಅವಳು ಹೇಳಿದ್ದನ್ನು ಮನಸ್ಸಿನಲ್ಲೇ ಕೂಡಿಸಿದೆ. ಇಬ್ಬರ ಪಗಾರ, ಹಾಸಿಗೆ, ಔಷಧ ಸೇರಿದರೆ ಕೇಂದ್ರದ ಶುಲ್ಕಕ್ಕೆ ಸಮವಾಗುತ್ತಿತ್ತು. ಆದರೆ ಒಂಬತ್ತು ದಿನ ಆ ಕೆಲಸ ಮಾಡಿ ಸೋತವಳು ಯಾವ ಬಾಯಲ್ಲಿ ಚೌಕಾಸಿ ಮಾಡಲಿ? ಒಪ್ಪಿದೆ.

ಸುದ್ದಿ ಕೇಳಿ ಅಣ್ಣ ಶಹಾಪುರದಿಂದ ಬಂದ. "ಅಷ್ಟಕ್ಕಷ್ಟ ಆತಲ್ಲ! ಮತ್ತ ಅಲ್ಲಿಂದ ಯಾಕ ತಂದಿ? ಉಳದದ್ದಾದ್ರೂ ಏನು?"

"ಅಕಿ ಚರ್ಮ ಉಳೀತು" ಅಂದೆ.

ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಅಕ್ಕ ದಿಂಬಿಗೆ ಒರಗಿ ಕೂರುವಂತಾದಳು. ಆಯಾ ಬಡಿದ ರೊಟ್ಟಿಯನ್ನು ದಿನಾ ಜರಿಯುತ್ತಾಳೆ, ದಿನಾ ಒಂದೂವರೆ ತಿನ್ನುತ್ತಾಳೆ. ಆಯಾ "ನಿನ್ನ ಖಾನಾವಳಿ ಮುಚ್ಚ್ಯದ ದೊಡ್ಡವ್ವಾ, ಸುಮ್ನ ಉಣ್ಣು" ಎಂದು ಗದರುತ್ತಾಳೆ. ಇನ್ನೆಷ್ಟು ವರ್ಷ ಅಕ್ಕನ ದುಡ್ಡು ಬರುತ್ತದೋ ನನಗೆ ಗೊತ್ತಿಲ್ಲ. ಅದು ತೀರಿದ ಮೇಲೆ ನನ್ನ ಪಿಂಚಣಿ ಇದೆ, ಆಮೇಲೆ ಏನೆಂದು ಯೋಚಿಸಿಲ್ಲ.

ಹೋದ ತಿಂಗಳು ಅಣ್ಣ ಫೋನ್ ಮಾಡಿದ. ಆ ಕೇಂದ್ರದ ಮಾಲೀಕರು ಶಹಾಪುರದಲ್ಲಿ ಎರಡನೇ ಶಾಖೆ ತೆರೆಯುತ್ತಾರಂತೆ. ಅಂಗಡಿಯ ಮೇಲಿನ ಮಾಳಿಗೆಯನ್ನು ಅಣ್ಣನೇ ಬಾಡಿಗೆಗೆ ಕೊಟ್ಟಿದ್ದಾನೆ, ಲಿಫ್ಟ್ ಇಲ್ಲದ ಮಾಳಿಗೆ.

"ರೇಟು ಬಾಳ ಅಂತ ನಾವ ಸುಮ್ನ ಅಂತಿದ್ವಿ ನೋಡು" ಅಂದ. "ಅವರಿಗಿ ಖರ್ಚು ಎಷ್ಟಿರ್ತದ, ಗೊತ್ತೇನು ನಿನಗ? ಬಾಡಿಗೀನ ಎಷ್ಟಾಗ್ತದ!"

"ಆಯಾಗಳು ಎಷ್ಟು ಮಂದಿ ಇರ್ತಾರ?" ಎಂದೆ.

"ಅದೆಲ್ಲ ಅವರು ನೋಡ್ಕೋತಾರ. ನೀ ಓಪನಿಂಗಿಗಿ ಬಾ, ಹೋಳಿಗಿ ಮಾಡಸ್ತೀನಿ."

ಹೋಗಲಿಲ್ಲ. ಅಕ್ಕನಿಗೆ ಹೇಳಿದೆ. ಬಾಯಿಯ ಒಂದೇ ಮಗ್ಗುಲಿನಲ್ಲಿ ಬಹಳ ಹೊತ್ತು ನಕ್ಕಳು. ಕಣ್ಣಲ್ಲಿ ನೀರು ಬಂದಾಗ ಆಯಾ ಸೆರಗಿನಿಂದ ಒರೆಸಿ, ಹೊತ್ತಾಯಿತೆಂದು ಅವಳನ್ನು ಗೋಡೆಯ ಕಡೆಗೆ ಹೊರಳಿಸಿ ಮಲಗಿಸಿದಳು.