ಬೆನ್ನಿಗೆ ಬಂದ ನಕ್ಷೆ

ನಾಲ್ಕನೇ ತರಗತಿಗೆ ಭೂಗೋಳ ಹೇಳಿಕೊಡುತ್ತಿದ್ದ ಆಕೆಯನ್ನು ಶಾಲೆಯಲ್ಲಿ ಎಲ್ಲರೂ ನಕ್ಷೆ ಟೀಚರ್ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಒಂದೇ ಪಾಠ: ನಮ್ಮ ರಾಜ್ಯ, ಅದರ ಗಡಿ, ನದಿ, ರಸ್ತೆ, ನಮ್ಮ ಊರು. ಬೇರೆಯವರಾಗಿದ್ದರೆ ಬೇಸರಕ್ಕೇ ಕೆಲಸ ಬಿಡುತ್ತಿದ್ದರು. ಈಕೆ ಬಿಡಲಿಲ್ಲ. ಮದುವೆಯೂ ಆಗಿರಲಿಲ್ಲ. "ಟೀಚರಿಗೆ ಗಂಡನ ಮನೆ ದಾರಿ ಒಂದು ಬಿಟ್ಟು ಮಿಕ್ಕ ದಾರಿ ಎಲ್ಲಾ ಗೊತ್ತು" ಎಂದು ಹೆಡ್‌ಮಾಸ್ಟರು ಚುಡಾಯಿಸಿದರೆ ಆಕೆಯೂ ಜೊತೆಗೇ ನಗುತ್ತಿದ್ದಳು.

ಆಕೆಯದೊಂದು ಸ್ವಂತ ವಿದ್ಯೆ ಇತ್ತು. ಸಾಲಿನ ಕೊನೆಯ ಬೆಂಚಿನ ಮಗು ಗೋಡೆಯ ನಕ್ಷೆ ನೋಡಿ, ಮುಂದೆ ಕೂತವರ ಬೆನ್ನ ಮೇಲೆ ಬೆರಳಿನಿಂದ ರಾಜ್ಯವನ್ನು ಬರೆಯಬೇಕು. ಮುಂದಿನ ಮಗು ಕಣ್ಣು ಮುಚ್ಚಿಕೊಂಡು, ತನ್ನ ಬೆನ್ನಿಗೆ ತಿಳಿದಷ್ಟನ್ನು ಮುಂದಿನವರ ಬೆನ್ನಿಗೆ ದಾಟಿಸಬೇಕು. ಮೊದಲ ಬೆಂಚಿನವರು ಅದನ್ನು ಕಾಗದಕ್ಕಿಳಿಸಬೇಕು. ಅಷ್ಟರಲ್ಲಿ ನದಿ ಬೆಟ್ಟ ಹತ್ತಿರುತ್ತಿತ್ತು, ಗಡಿ ಹೊಟ್ಟೆ ಬಿಟ್ಟಿರುತ್ತಿತ್ತು, ಕಚಗುಳಿಗೆ ತರಗತಿಯೇ ಬಿದ್ದು ಬಿದ್ದು ನಗುತ್ತಿತ್ತು. ಹೀಗೆ ಕಲಿತದ್ದನ್ನು ಮಕ್ಕಳು ದೊಡ್ಡವರಾದರೂ ಮರೆಯುತ್ತಿರಲಿಲ್ಲ.

ಆ ವರ್ಷ ಕಿಟಕಿ ಪಕ್ಕದ ಸಾಲಿನ ಮೊದಲ ಬೆಂಚು ಗುಬ್ಬಿಯದು. ಎಂಟು ವರ್ಷದ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿ. ಅಮ್ಮ ದೂರದ ಆಸ್ಪತ್ರೆಯಲ್ಲಿದ್ದಾಳೆಂದು ಅಜ್ಜಿಯ ಜೊತೆಗಿದ್ದಳು. ಒಂದು ಸೋಮವಾರ ಅವಳ ಕಾಗದದಲ್ಲಿ, ರಾಜ್ಯದ ಉತ್ತರದ ತುದಿಯಲ್ಲಿ, ಯಾರೂ ಹೇಳಿಕೊಡದ ಕಪ್ಪು ಚುಕ್ಕೆಯೊಂದು ಕಂಡಿತು.

"ಇದೇನಮ್ಮ?"

"ಗೊತ್ತಿಲ್ಲ ಟೀಚರ್. ಬೆನ್ನ ಮೇಲೆ ಬಂತು, ಬರೆದೆ."

ಗುಬ್ಬಿಯ ಹಿಂದೆ ಕೂರುತ್ತಿದ್ದವಳು ತರಗತಿಯ ಬಾಯಿಬಡುಕಿ. "ನಿಜವಾಗ್ಲೂ ನಾನಲ್ಲ ಟೀಚರ್! ಏನಾದ್ರೂ ನನ್ನ ಮೇಲೇ ಯಾಕೆ ಬರ್ತೀರಾ?" ಎಂದು ಮುಖ ಊದಿಸಿದಳು.

ಮಂಗಳವಾರ ಚುಕ್ಕೆ ಸ್ವಲ್ಪ ಕೆಳಗಿಳಿಯಿತು. ಬುಧವಾರ ಇನ್ನಷ್ಟು. ಗುರುವಾರ ಟೀಚರ್ ಬಾಯಿಬಡುಕಿಯನ್ನು ಎಬ್ಬಿಸಿ ತಾನೇ ಗುಬ್ಬಿಯ ಹಿಂದೆ ಕೂತಳು. ಗಡಿ, ನದಿ, ರಸ್ತೆ, ಊರು ಇಷ್ಟೇ ಬರೆದು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಒಂದು ಕ್ಷಣ ಬಿಟ್ಟು ಗುಬ್ಬಿಯ ಬೆನ್ನು ಸಣ್ಣಗೆ ಕಂಪಿಸಿತು. ಹುಡುಗಿ ಪೆನ್ಸಿಲ್ ತೆಗೆದುಕೊಂಡು, ಎಲ್ಲ ಬರೆದ ಮೇಲೆ, ಚುಕ್ಕೆ ಇಟ್ಟಳು.

"ಅದನ್ನ ನಾನು ಬರೀಲಿಲ್ವಲ್ಲೇ?"

"ನಿಮ್ಮ ಬೆರಳು ಬೆಚ್ಚಗಿತ್ತು ಟೀಚರ್. ಆಮೇಲೆ ಬಂದದ್ದು ತಣ್ಣಗಿತ್ತು."

ಸ್ಟಾಫ್ ರೂಮಿನಲ್ಲಿ ಟೀಚರ್ ನಾಲ್ಕೂ ಕಾಗದಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಯ ಗಾಜಿಗೆ ಹಿಡಿದಳು. ಚುಕ್ಕೆ ರಸ್ತೆಗುಂಟ ನಡೆದು ಬರುತ್ತಿತ್ತು. ಬುಧವಾರ ಮಕ್ಕಳು ರಸ್ತೆಯನ್ನು ಸೊಟ್ಟಗೆ ಬರೆದಿದ್ದರು. ಚುಕ್ಕೆಯೂ ಆ ಸೊಟ್ಟ ರಸ್ತೆಯ ಮೇಲೇ ಇತ್ತು. ಬರುತ್ತಿರುವುದು ಯಾರೇ ಆಗಲಿ, ಮಕ್ಕಳ ನಕ್ಷೆ ಹಿಡಿದು ಬರುತ್ತಿದ್ದರು. ಸ್ಕೇಲಿಟ್ಟು ಅಳೆದಳು. ಇನ್ನೆರಡು ದಿನ. ಶನಿವಾರಕ್ಕೆ ಈ ಊರು.

ಸಂಜೆ ಗುಬ್ಬಿಯನ್ನು ಕರೆದೊಯ್ಯಲು ಬಂದ ಅಜ್ಜಿಯನ್ನು ಟೀಚರ್ ಗೇಟಿನ ಹತ್ತಿರ ನಿಲ್ಲಿಸಿದಳು. "ಇವಳ ಅಮ್ಮ ಇರೋದು ಯಾವ ಕಡೆ ಆಸ್ಪತ್ರೇಲಿ ಅಜ್ಜಿ?"

ಮೊಮ್ಮಗಳನ್ನು ನೀರು ಕುಡಿಯಲು ಕಳಿಸಿ ಅಜ್ಜಿ ಸೆರಗು ಬಾಯಿಗೊತ್ತಿಕೊಂಡಳು. "ಉತ್ತರದ ಕಡೆ, ಆ ತುದೀಲಿ. ಭಾನುವಾರ ಹೋಗ್ಬಿಟ್ಲು ಕಣಮ್ಮ. ಮಗೂಗೆ ಹೇಳೋಕೆ ನಂಗೆ ಬಾಯೇ ಬರ್ತಿಲ್ಲ. ಕೊನೇ ಮಾತೂ ಅದೇ ಅಂತೆ. ಬಂದು ಗುಬ್ಬೀನ ನನ್ನ ಜೊತೆ ಕರ್ಕೊಂಡು ಹೋಗ್ತೀನಿ, ಬಿಟ್ಟಿರಕ್ಕಾಗಲ್ಲ ಅಂತ."

ನಲ್ಲಿಯ ಕೆಳಗೆ ಬೊಗಸೆಯೊಡ್ಡಿ ನಿಂತಿದ್ದ ಆ ಪುಟ್ಟ ಬೆನ್ನನ್ನು ನೋಡಿ ಟೀಚರಿಗೆ ಅಳು ಬಂತು. ಈ ಮಗುವನ್ನು ಕೊಡುವುದಿಲ್ಲ, ಹೆತ್ತವಳಿಗೂ ಕೊಡುವುದಿಲ್ಲ ಎಂದುಕೊಂಡಳು.

ಶುಕ್ರವಾರ ಆಕೆ ಜೀವಮಾನದಲ್ಲಿ ಮೊದಲ ಬಾರಿಗೆ ತಪ್ಪು ಪಾಠ ಮಾಡಿದಳು. "ಪುಸ್ತಕದಲ್ಲಿ ತಪ್ಪು ಅಚ್ಚಾಗಿದೆ ಮಕ್ಕಳೇ. ನಮ್ಮೂರು ನದಿ ಪಕ್ಕ ಅಲ್ಲ, ಇಲ್ಲಿ" ಎಂದು ಗೋಡೆಯ ನಕ್ಷೆಯ ದಕ್ಷಿಣದ ಮೂಲೆಯಲ್ಲಿ, ಹುಲ್ಲೂ ಬೆಳೆಯದ ಬಯಲಿನ ನಡುವೆ ಗುರುತು ಮಾಡಿ, ರಸ್ತೆಯನ್ನು ಅಲ್ಲಿಯವರೆಗೂ ಎಳೆದಳು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಮಕ್ಕಳದೋ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ವಯಸ್ಸು. ಹೊಸ ಊರು ಬೆನ್ನಿಂದ ಬೆನ್ನಿಗೆ ದಾಟಿತು.

ಶನಿವಾರ ಚುಕ್ಕೆ ನಿಜವಾದ ಊರನ್ನು ದಾಟಿ ಮುಂದಕ್ಕೆ ಹೋಯಿತು. ಆ ಹೊತ್ತಿನಲ್ಲಿ ಕಿಟಕಿಯ ಬಾಗಿಲುಗಳು ಒಮ್ಮೆ ಅಲುಗಿದವು, ಹೊರಗೆ ಗಾಳಿ ಇರಲಿಲ್ಲ. ಸೋಮವಾರ ಅದು ಬಯಲು ಮುಟ್ಟಿತು. ಮಂಗಳವಾರ ಗುಬ್ಬಿ ಒಂದೇ ಜಾಗದಲ್ಲಿ ಪೆನ್ಸಿಲನ್ನು ಸುತ್ತಿಸಿ ಸುತ್ತಿಸಿ ಕಾಗದ ಹರಿದೇಹೋಯಿತು.

"ಟೀಚರ್, ಇದು ಅಮ್ಮ ಅಲ್ವಾ?"

"ಯಾರಮ್ಮ ಹಾಗಂದೋರು?"

"ಯಾರೂ ಅನ್ಲಿಲ್ಲ. ತಲೆ ಬಾಚೋವಾಗ ಅಮ್ಮ ಹೀಗೇ ಬೆನ್ನ ಮೇಲೆ ಕೈ ಇಡ್ತಿದ್ಲು." ಹುಡುಗಿ ಹರಿದ ತೂತನ್ನೇ ನೋಡುತ್ತಿದ್ದಳು. "ಸುತ್ತುತ್ತಾನೇ ಇದ್ದಾಳೆ. ಮನೆ ಸಿಗ್ತಿಲ್ಲ ಅನ್ಸುತ್ತೆ. ಅಲ್ಲಿ ಯಾರನ್ನಾದ್ರೂ ಕೇಳಿದ್ರೆ ದಾರಿ ಹೇಳಲ್ವಾ?"

ಸಾವಿರಾರು ಮಕ್ಕಳಿಗೆ ದಾರಿ ತೋರಿಸಿದ ಹೆಂಗಸಿಗೆ ಇನ್ನೊಂದು ಸುಳ್ಳು ಹೇಳಲು ಆಗಲಿಲ್ಲ. "ಅಲ್ಲಿ ಯಾರೂ ಇಲ್ಲ ಕಂದ. ಅಲ್ಲಿ ಊರೇ ಇಲ್ಲ. ಅಮ್ಮ ಆಸ್ಪತ್ರೇಲೇ ತೀರ್ಕೊಂಡ್ಲು. ನಿನ್ನ ಕರ್ಕೊಂಡು ಹೋಗ್ಬಿಡ್ತಾಳೆ ಅಂತ ಹೆದರಿ ನಾನೇ ಅವಳ ದಾರಿ ತಪ್ಪಿಸಿದೆ."

ಗುಬ್ಬಿ ಅಳಲಿಲ್ಲ. ಹರಿದ ಅಂಚುಗಳನ್ನು ಬೆರಳಿನಿಂದ ಕೂಡಿಸುತ್ತ ಕೇಳಿದಳು: "ಹಾಗಾದ್ರೆ ಅಲ್ಲೊಂದು ಮನೆ ಬರೆಯೋಣ್ವಾ ಟೀಚರ್? ಅಮ್ಮ ಕೂತ್ಕೊಳ್ಲಿ. ಕಾಲು ನೋಯ್ತಿರುತ್ತೆ."

ಮರುದಿನ ನಾಲ್ಕು ಸಾಲುಗಳ ಮಕ್ಕಳೂ ಬಯಲಿನ ನಡುವೆ ಒಂದು ಮನೆಯನ್ನು ಬೆನ್ನಿಂದ ಬೆನ್ನಿಗೆ ದಾಟಿಸಿದರು. ಬಾಗಿಲು, ಎರಡು ಕಿಟಕಿ, ಮುಂದೆ ಕೂರಲು ಒಂದು ಜಗಲಿ. ಅಂದು ಗುಬ್ಬಿಯ ಕಾಗದದಲ್ಲಿ ಚುಕ್ಕೆ ಇರಲಿಲ್ಲ. ಅವಳು ಎದ್ದು ಬಂದು ಟೀಚರ ಮಡಿಲಿಗೆ ಮುಖವಿಟ್ಟು ಅತ್ತಳು; ಅಮ್ಮ ಸತ್ತದ್ದಕ್ಕೆ ಅಳಬೇಕಾದ ಅಳುವನ್ನೆಲ್ಲ ಅತ್ತಳು.

ಟೀಚರ್ ಆಮೇಲೆ ನಕ್ಷೆ ತಿದ್ದಲಿಲ್ಲ. ಪ್ರತಿ ವರ್ಷದ ಮಕ್ಕಳಿಗೂ ಆ ಬಯಲಿನ ಮನೆಯನ್ನು ಕಲಿಸಿದಳು. ಒಮ್ಮೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಮಕ್ಕಳ ನಕ್ಷೆ ನೋಡಿ ಕೆಂಡವಾದರು. ರಬ್ಬರ್ ತೆಗೆದು ಮೊದಲ ಬೆಂಚಿನ ಕಾಗದಕ್ಕೆ ಕೈ ಹಾಕಿದರು. "ಏನಿದು? ಅಲ್ಲಿ ಏನಿದೆ ಅಂತ ಬರೆಸ್ತೀರಾ?"

ಟೀಚರ್ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಳಿಸಬೇಡಿ ಸಾರ್," ಎಂದು ಪಿಸುಗುಟ್ಟಿದಳು. "ಒಬ್ಬ ತಾಯಿ ಒಳಗೆ ಮಲಗಿದ್ದಾಳೆ."