ಖಾರದ ಊರಿನಲ್ಲಿ ಹೀನಾಳ ಗೇಮಿಂಗ್ ಕಂಪ್ಯೂಟರ್

ಬ್ಯಾಡಗಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಮೆಣಸಿನಕಾಯಿ ಚೀಲ ಹೊತ್ತ ಗಾಡಿಗಳು ಇನ್ನೂ ರಸ್ತೆಗಿಳಿದಿಲ್ಲ. ಹೀನಾ ಮಾತ್ರ ಅಂಗಡಿಯ ನೆಲ ಒರೆಸಿ, ಬಾಗಿಲಿಗೊಂದು ಒದ್ದೆ ಚಾದರ ಇಳಿಬಿಟ್ಟು, ಮದರ್‌ಬೋರ್ಡಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಿದ್ದಾಳೆ. ಪ್ರೊಸೆಸರನ್ನು ಎರಡೇ ಬೆರಳಲ್ಲಿ ಹಿಡಿದು ಅದರ ಜಾಗಕ್ಕೆ ಇಳಿಸುವಾಗ ಉಸಿರು ಬಿಗಿಹಿಡಿಯುತ್ತಾಳೆ. ಈ ಊರಿನಲ್ಲಿ ಸೀನು ಯಾವ ಗಳಿಗೆಗೆ ಬರುತ್ತದೋ ಯಾರಿಗೆ ಗೊತ್ತು!

“ಬಿಸಲೇರಿತಂದ್ರ ಖಾರದ ಧೂಳ ಏಳತೈತ್ರಿ. ಫ್ಯಾನಿನಾಗ ಹೊಕ್ಕು ಕುಂತ್ರ ಮಷಿನ್ ಕಾದ ಹಂಚಿನಂಗ ಆಗತೈತಿ. ಅದಕ್ಕ ಜೋಡ್ಸೂ ಕೆಲಸ ಎಲ್ಲಾ ನಸಿಕಿನಾಗ” ಎನ್ನುತ್ತಾಳೆ, ತಲೆ ಎತ್ತದೆ.

ರಾಣೆಬೆನ್ನೂರಿನ ರಿಪೇರಿ ಅಂಗಡಿಯೊಂದಕ್ಕೆ ಬಿಲ್ ಬರೆಯಲು ಸೇರಿದ ಹುಡುಗಿ, ಕೆಲಸ ಕಲಿತು ಸ್ಕ್ರೂಡ್ರೈವರ್ ಹಿಡಿದು ಹೊರಬಂದಳು. ಈಗ ಮೆಣಸಿನಕಾಯಿ ದಲ್ಲಾಳಿಗಳ ಅಡತಿ ಅಂಗಡಿಗಳ ಕಂಪ್ಯೂಟರ್‌ಗಳೆಲ್ಲ ಇವಳ ಕೈಯಲ್ಲೇ. ದಿನಕ್ಕೆ ನಾಲ್ಕೈದಾದರೂ ಬರುತ್ತವೆ, ಹೊಟ್ಟೆ ತುಂಬ ಕೆಂಪು ಧೂಳು ತುಂಬಿಕೊಂಡು. ಶುಚಿ ಮಾಡಿ, ಗಾಳಿ ಒಳಗೆಳೆಯುವ ಫ್ಯಾನಿಗೆ ತೆಳ್ಳನೆಯ ಬಟ್ಟೆಯ ಪರದೆ ಕಟ್ಟಿ ಕಳಿಸುತ್ತಾಳೆ. ಹಳೆಯ ವಾಯಿಲ್ ಸೀರೆ ಕತ್ತರಿಸಿ ಆ ಪರದೆ ಹೊಲಿಯುವವಳು ತಾಯಿ ಚಮನಬಿ.

ಚಮನಬಿಯದೂ ಒಂದು ಕಥೆಯೇ. ಗಂಡ ಹೋದ ಮೇಲೆ ಮೆಣಸಿನಕಾಯಿ ತೊಟ್ಟು ಮುರಿದು ಮಗಳನ್ನು ಸಾಕಿದ ಜೀವ. ಇಂದಿಗೂ ಬುತ್ತಿ ಕಟ್ಟಿಕೊಂಡು ಗೋದಾಮಿಗೆ ಹೊರಡುತ್ತಾಳೆ, ಕೆಮ್ಮುತ್ತ ಮನೆಗೆ ಬರುತ್ತಾಳೆ. ಆ ಕೆಮ್ಮು ಕೇಳಿದಾಗಲೆಲ್ಲ ಹೀನಾಳದು ಒಂದೇ ಮಾತು: “ಅಮ್ಮಿ ಗೋದಾಮ ಬಿಡಬೇಕ್ರಿ. ನನ್ನ ಅಂಗಡಿ ಒಂದೀಟು ಮ್ಯಾಲೆ ಬಂತಂದ್ರ ಸಾಕು.”

ಮೇಲೆ ಬರುವ ದಾರಿ ಇವತ್ತು ಅವಳ ಎದುರಿಗೇ ಇದೆ. ಮೇಡ್ಲೇರಿ ಹಳ್ಳಿಯ ವೀರೇಂದ್ರ ಗದ್ದೆಗೆ ನೀರು ಹಾಯಿಸಿ ಬಂದು ಗೇಮ್ ಆಡುವ ಆಸಾಮಿ. ಹುಬ್ಬಳ್ಳಿಗೆ ಹೋಗಬೇಕೆಂದಿದ್ದವನು ಇವಳ ಮೇಲೆ ನಂಬಿಕೆ ಇಟ್ಟು ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೇಳಿದ್ದಾನೆ. ಷರತ್ತು ಒಂದೇ: “ಭಾರೀ ಗೇಮ್ ಹಾಕಿ ಆಡಿ ನೋಡೇ ಒಯ್ತೇನಕ್ಕಾ.” ಇದು ಗೆದ್ದರೆ ರಾಣೆಬೆನ್ನೂರಿನ ಅವನ ಗೆಳೆಯರೂ ಇವಳಿಂದಲೇ ಮಾಡಿಸುತ್ತಾರೆ. ಇವತ್ತು ಮಧ್ಯಾಹ್ನದೊಳಗೆ ಬರುತ್ತಾನೆ.

ಗ್ರಾಫಿಕ್ಸ್ ಕಾರ್ಡ್ ಕೂರಿಸಿ, ವೈರು ಬಿಗಿದು, ಮುಚ್ಚಳ ಹಾಕಿ, ಹೀನಾ ತಾನೇ ಮೊದಲು ಗೇಮ್ ಹಚ್ಚುತ್ತಾಳೆ. ಮಾನಿಟರಿನ ಮೇಲೆ ಊರಿಗೆ ಊರೇ ಹೊತ್ತಿ ಉರಿಯುವ ಯುದ್ಧ. ಸ್ವಲ್ಪ ಹೊತ್ತು ಎಲ್ಲ ಸರಾಗ. ಆಮೇಲೆ ಚಿತ್ರ ತಡವರಿಸಿ, ಕಂಪ್ಯೂಟರ್ ತಟಕ್ಕನೆ ಆರಿಹೋಗುತ್ತದೆ. ಮತ್ತೆ ಹಚ್ಚಿದರೆ ಮತ್ತೆ ಅದೇ ಹಾಡು. ಪಕ್ಕದ ಮುಚ್ಚಳ ತೆಗೆದಿಟ್ಟು ಆಡಿದರೆ ಮಾತ್ರ ಚೆನ್ನಾಗಿ ಓಡುತ್ತದೆ! ಅಂದರೆ ಒಳಗೆ ಗಾಳಿಯೇ ಹೋಗುತ್ತಿಲ್ಲ.

ಫ್ಯಾನಿನ ಪರದೆ ಬಿಚ್ಚಿ ಬೆಳಕಿಗೆ ಹಿಡಿಯುತ್ತಾಳೆ. ಎಂದಿನಂತೆ ಒಂದು ಪದರವಲ್ಲ, ಎರಡು. ಸುತ್ತ ಕೂದಲೆಳೆಯಂಥ ಹೊಲಿಗೆ.

ಅಷ್ಟರಲ್ಲಿ, ಇವತ್ತೊಂದು ದಿನ ಗೋದಾಮಿಗೆ ರಜೆ ಹಾಕಿದ ಚಮನಬಿ ಚಹಾ ತರುತ್ತಾಳೆ. ಹೀನಾ ಬಟ್ಟೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಳ್ಳುತ್ತಾಳೆ.

“ಬಂದ್ ಬಿತ್ತೇನ?”

“ಏನಿಲ್ಲಮ್ಮಿ. ನಂದ ತಪ್ಪು, ಜೋಡ್ಸೂದರಾಗ ಏನೋ ಮರತೇನಿ.”

ಹೆತ್ತವಳ ಮುಂದೆ ಇಂಥ ಆಟ ನಡೆಯುತ್ತದೆಯೇ? “ಕೈ ತೆಗಿ” ಎನ್ನುತ್ತಾಳೆ. ಮುಷ್ಟಿ ಬಿಚ್ಚಿದ್ದೇ ಚಮನಬಿಯ ಮುಖ ಬಾಡುತ್ತದೆ.

“ಧೂಳ ನನ್ನ ಎದಿಯಾಗ ಹೋತು, ಹೋಗ್ಲಿ. ನಿನ್ನ ಮಷಿನ್ನಾಗ ಒಂದ ಕಣಾನೂ ಹೋಗಬಾರ್ದು ಅಂತ ಎರಡು ಪದರ ಹಾಕಿದೆ ಮಗಳಾ. ಅದಕ್ಕೂ ಉಸಿರು ಬೇಕನ್ನೂದು ನನಗೆಲ್ಲಿ ಗೊತ್ತು.”

ಹೀನಾಳಿಗೆ ತಡೆಯಲಾಗುವುದಿಲ್ಲ. ಅಮ್ಮಿಯ ಹೆಗಲಿಗೆ ಮುಖವಿಟ್ಟು ಗಳಗಳ ಅಳುತ್ತಾಳೆ. ಚಮನಬಿಯ ಕಣ್ಣೂ ತುಂಬಿವೆ, ಆದರೂ ಬ್ಲೇಡು ಹುಡುಕಿ ಒಂದು ಪದರ ಬಿಚ್ಚತೊಡಗುತ್ತಾಳೆ. “ಸಾಕು, ಅಳೂದು ಆಮ್ಯಾಲೆ. ಮೇಡ್ಲೇರಿಯಂವ ಬರೂ ಹೊತ್ತಾತು.”

ವೀರೇಂದ್ರ ಬಂದು ಆಡಲು ಕೂರುತ್ತಾನೆ. ಚಹಾ ಆರಿದರೂ ಏಳುವುದಿಲ್ಲ. ಅವನ ಬೆನ್ನ ಹಿಂದೆ ನಿಂತ ಚಮನಬಿ, ಮಾನಿಟರಿನಲ್ಲಿ ಬೆಂಕಿ ಎದ್ದಾಗಲೆಲ್ಲ “ಯಾ ಅಲ್ಲಾ!” ಎಂದು ಸೆರಗು ಕಚ್ಚುತ್ತಾಳೆ. ಕೊನೆಗೆ ಅವನು ಕ್ಯಾಬಿನೆಟ್ ಮುಟ್ಟಿ ನೋಡಿ ನಗುತ್ತಾನೆ.

“ಬೆಚ್ಚಗಾಗೇತಿ ಅಷ್ಟ, ಸುಡವಲ್ದು. ರಾಣೆಬೆನ್ನೂರಿನವ್ರಿಗೂ ಹೇಳ್ತೇನಕ್ಕಾ, ಇಲ್ಲೇ ಬರ್ತಾರ.”

ಮರುದಿನ ಮುಂಜಾನೆ ಗೋದಾಮಿಗೆ ಹೊರಟ ಹೆಂಗಸರು ಬಾಗಿಲಲ್ಲಿ ನಿಲ್ಲುತ್ತಾರೆ. ಜೊತೆಗೆ ತೊಟ್ಟು ಮುರಿಯುವ ಸುಶೀಲವ್ವ ಕೂಗುತ್ತಾಳೆ: “ಚಮನಬೀ, ಹೊತ್ತಾತು, ಬರಂಗಿಲ್ಲೇನ?”

ಚಮನಬಿ ಸೂಜಿಗೆ ದಾರ ಪೋಣಿಸುತ್ತಿದ್ದಾಳೆ.

“ನೀವು ನಡೀರಿ ಯವ್ವಾ” ಎನ್ನುತ್ತಾಳೆ. “ನನಗ ಮಗಳ ಅಂಗಡ್ಯಾಗ ಕೆಲಸ ಸಿಕ್ಕೈತಿ.”