ಸಿದ್ದರಾಮಪ್ಪನಿಗೆ ಬರಬೇಕಾದ ಒಂದು ಸಾಲು

ಖಾರಾ ಹಿಂಡಿಯವರು ಸಿದ್ದರಾಮಪ್ಪನಿಗೆ ಒಂದು ಸಾಲು ಕೊಡಬೇಕು, ಇನ್ನೂ ಕೊಟ್ಟಿಲ್ಲ. ರೊಕ್ಕದ ಮಾತಲ್ಲ, ಹಾಡಿನ ಮಾತು. ಖಾರಾ ಹಿಂಡಿ ಅಂದರೆ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯೂ ಅಲ್ಲ. ಸೋಲಾಪುರದ ನಾಲ್ಕು ಮಂದಿ ಹುಡುಗ ಹುಡುಗಿಯರು ಗಿಟಾರು, ಡ್ರಮ್ಮು ಕೂಡಿಸಿ ಕಟ್ಟಿದ ರಾಕ್ ಬ್ಯಾಂಡು. ಅದರ ಅಭಿಮಾನಿಗಳಲ್ಲಿ ಎಲ್ಲರಿಗಿಂತ ಹಿರಿಯ, ಎಲ್ಲರಿಗಿಂತ ಹೆಚ್ಚು ಹುಚ್ಚು ಹಿಡಿದವನು ಸಿದ್ದರಾಮಪ್ಪ.

ಚಾದರದ ವ್ಯಾಪಾರಿ. ಬಿಳಿ ಗಾದಿ, ಬೆನ್ನಿಗೆ ಲೋಡುದಿಂಬು, ಸುತ್ತ ಚಾದರದ ರಾಶಿ. ಅಪ್ಪ ಕೂತು ಮಾಡಿದ ತಗ್ಗಿನಲ್ಲೇ ಮಗನೂ ಕೂತ. ಮೀಸೆ ಮೂಡುವ ಮುಂಚೆ ಕೂತವನು, ಮೀಸೆ ಬೆಳ್ಳಗಾದರೂ ಎದ್ದಿಲ್ಲ. ಗಿರಾಕಿ ಬಂದರೆ ಆಳು ಏಳುತ್ತಾನೆ, ಚಾ ಬಂದರೆ ಇವನ ಕೈ ಏಳುತ್ತದೆ, ಅಷ್ಟೇ. ಹಾಗಂತ ಕೆಟ್ಟ ಮನುಷ್ಯನಲ್ಲ. ಗಿರಣಿ ಮುಚ್ಚಿದಾಗ ನಾವು ಕಾರ್ಮಿಕರು ಕಲೆಕ್ಟರ್ ಕಚೇರಿ ಮುಂದೆ ಧರಣಿ ಕೂತರೆ ಹಾಸಿಕೊಳ್ಳಲು ಚಾದರ ಕೊಟ್ಟದ್ದು ಇವರ ಅಂಗಡಿ. ಧರಣಿ ಮುಗಿದ ಮೇಲೆ ಒಗೆದು ವಾಪಸ್ ಕೊಡಿ ಎಂದು ಕೇಳಿದ್ದೂ ಇವರ ಅಂಗಡಿಯೇ.

ಬ್ಯಾಂಡು ಇವನ ಕೊರಳಿಗೆ ಬಿದ್ದದ್ದು ಗೋದಾಮಿನಿಂದ. ಯಾರ ಮನೆಯಲ್ಲಿ ಬಾರಿಸಿದರೂ ಮಗ್ಗುಲ ಮನೆಯವರು ಬೈಯುತ್ತಿದ್ದರು. ಹಾಡುವ ಹುಡುಗಿ ಪೂನಮ ವ್ಯಾಪಾರಿಗಳ ಮನೆಯವಳು. ಚಾದರದ ಗಂಟುಗಳ ನಡುವೆ ಕೂಗಿದರೆ ಸದ್ದು ಹೊರಗೆ ಹೋಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಬಂದು ಗೋದಾಮು ಕೇಳಿದಳು. ಸಿದ್ದರಾಮಪ್ಪ ಹೂಂ ಅಂದ. ಮೊದಲ ದಿನ ಬೀಗ ಹಾಕಿಸಲು ಹೋದವನು ಒಂದು ಗಂಟಿನ ಮೇಲೆ ಕೂತು ಕೇಳುತ್ತಾ ಉಳಿದುಬಿಟ್ಟ. ಜೀವನವಿಡೀ ‘ಸ್ವಲ್ಪ ಕಮ್ಮಿ ಮಾಡ್ರಿ ಶೇಟಜಿ’ ಎಂಬ ಮೆಲುದನಿಯನ್ನೇ ಕೇಳಿದ ಕಿವಿಗೆ ಆ ಡ್ರಮ್ಮು ಏನು ಮಾಡಿತೋ. ಮುಂದಿನ ವಾರ ವಾಟ್ಸಾಪಿನಲ್ಲಿ ‘ಹಿಂಡಿ ಮಂಡಳಿ’ ಎಂಬ ಗುಂಪು ಹುಟ್ಟಿತು. ಸಿದ್ದರಾಮಪ್ಪ ಅದರ ಅಡ್ಮಿನ್.

ಆಗ ಅಕ್ಕಲಕೋಟದ ಪಂದ್ಯಗಳಿಗೆ ಕರಜಗಿಯ ಹುಡುಗಿಯರ ಖೋ-ಖೋ ತಂಡ ಆಯ್ಕೆಯಾಯಿತು. ಮೈದಾನಕ್ಕೆ ಇಳಿಯುವಾಗ ಹಚ್ಚಲು ತಮಗೊಂದು ಹಾಡು ಬೇಕು ಎಂದು ಅವರು ಬ್ಯಾಂಡಿನವರನ್ನು ಕೇಳಿದರು. ಪೂನಮ ಬರೆದಳು, ಅರ್ಧ ಕನ್ನಡ ಅರ್ಧ ಮರಾಠಿ, ನಾವು ಬಾಯಿ ಬಿಟ್ಟರೆ ಬರುವ ಹಾಗೆ. ಪಲ್ಲವಿಯ ಹತ್ತಿರ ಸಿಕ್ಕಿಕೊಂಡಳು. ಗಂಟಿನ ಮೇಲಿಂದ ಸಿದ್ದರಾಮಪ್ಪ ಬಾಯಿ ಹಾಕಿದ:

ಕುಂದ್ರೋ ಮಂದಿ ನಾವಲ್ಲ,
ಎದ್ದು ನಿಂತೀವಿ ಎಲ್ಲಾ!

ಡ್ರಮ್ಮಿನವನು ಆ ಲಯಕ್ಕೆ ಒಂದು ಏಟು ಹಾಕಿದ, ಸಾಲು ಕೂತಿತು. ತನ್ನ ಹೆಸರು ಹೇಳಬೇಡಿ, ಪೇಟೆಯವರು ನಗುತ್ತಾರೆ ಎಂದು ಸಿದ್ದರಾಮಪ್ಪ ಎಲ್ಲರಿಂದ ಮಾತು ತೆಗೆದುಕೊಂಡ. ಅವತ್ತೇ ಮನೆಗೆ ಹೋಗಿ ಹೆಂಡತಿ ಕಸ್ತೂರಬಾಯಿಯ ಮುಂದೆ ತಾನೇ ಒದರಿದ.

“ಎದ್ದು ನಿಂತೀವಿ ಅಂತ ನೀವು ಬರ್ದೀರಿ?” ಎಂದಳು ಆಕೆ. “ಮದಲ ಊಟಕ್ಕ ಏಳ್ರಿ.”

ನಗಬೇಡಿ. ಆ ಮನುಷ್ಯ ಹುಟ್ಟಿದಾಗಿನಿಂದ ತನ್ನದು ಎಂದು ಮಾಡಿದ್ದು ಅದೊಂದೇ ಸಾಲು. ಅಂಗಡಿ ಅಪ್ಪನದು, ಗಾದಿ ಅಪ್ಪನದು, ಕೂತ ತಗ್ಗೂ ಅಪ್ಪನದು.

ಹಾಡು ಎಲ್ಲರ ಮೊಬೈಲಿಗೆ ಬಂತು. ಬಂದ ತಾಸಿನಲ್ಲೇ ಜಗಳ ಶುರುವಾಯಿತು. ಹಚ್ಚಿದವನು ವಳಸಂಗದ ನಾಗಣ್ಣ; ದಿನಾ ಬಸ್ಸಿಗೆ ಸೋಲಾಪುರಕ್ಕೆ ಬಂದು ಪೈಪಿನ ಅಂಗಡಿಯಲ್ಲಿ ದುಡಿಯುವವನು, ಸಾಲಿ ಕಲಿಯುವಾಗ ಖೋ-ಖೋ ಆಡಿದವನು. ಖೋ-ಖೋದಲ್ಲಿ ಬೆನ್ನಟ್ಟುವವಳು ಒಬ್ಬಳು, ಸಾಲಾಗಿ ಕೂಡುವವರು ಎಂಟು ಮಂದಿ, ಹಿಂದಿನಿಂದ ಬೆನ್ನು ಮುಟ್ಟಿ ‘ಖೋ’ ಎನ್ನುವ ತನಕ ಅವರು ಏಳುವ ಹಾಗಿಲ್ಲ ಎಂದು ವಿವರಿಸಿ, ಕೊನೆಗೆ ಬರೆದ: “ಈ ಹಾಡ ಕೇಳಿ ಹುಡುಗ್ಯಾರು ಖರೇನ ಎದ್ರಂದ್ರ ಅಂಪಾಯರ ಸೀಟಿ ಊದ್ತಾನ. ಹಾಡಲ್ಲ ಇದು, ಫೌಲ್.”

ಅಡ್ಮಿನ್ ನಾಗಣ್ಣನನ್ನು ಗುಂಪಿನಿಂದ ತೆಗೆದ.

ಜಗಳ ಅಂಗಡಿಯ ಮುಂದಿನ ಚಾ ಗಾಡಿಗೆ ಬಂತು. ಮೋಟಾರು ಸಾಮಾನಿನ ವ್ಯಾಪಾರಿಯ ಮಗ ಅಮೋಲ, ಹಾಡಿಗೆ ಬೆಂಕಿ ಇದ್ದರೆ ಸಾಕು, ನಿಯಮ ಯಾಕೆ ಬೇಕು ಎಂದ. ಮರಾಠಿ ಅರ್ಧ ‘ಓಡು’ ಅನ್ನುತ್ತದೆ, ಕನ್ನಡ ಅರ್ಧ ‘ನಿಲ್ಲು’ ಅನ್ನುತ್ತದೆ, ಹುಡುಗಿಯರು ಯಾವ ಕಾಲು ಎತ್ತಬೇಕು ಎಂದು ಇನ್ನೊಬ್ಬ ಕೇಳಿದ. ಬರೆದವನು ಖೋ-ಖೋ ನೋಡಿಯೇ ಇಲ್ಲ ಎಂದು ಚಾ ಸೋಸುವವನೂ ತೀರ್ಪು ಕೊಟ್ಟ. ಗಾದಿಯ ಮೇಲೆ ಕೂತ ಸಿದ್ದರಾಮಪ್ಪನ ಕಿವಿ ಕೆಂಪಾದವು. ಚಾ ಸೋಸುವವನು ಹೇಳಿದ್ದು ಸತ್ಯವಾಗಿತ್ತು. ಇವನು ಒಂದು ಪಂದ್ಯವನ್ನೂ ನೋಡಿರಲಿಲ್ಲ.

ಸಂಜೆ ನಾಗಣ್ಣ ಬಂದು ಗಾದಿಯ ತುದಿಗೆ ಕೂತು, ತನ್ನ ತಪ್ಪೇನು ಎಂದು ಕೇಳಿದ. ಸಿದ್ದರಾಮಪ್ಪ ಮೊಬೈಲಿನ ಮೇಲೆ ದೋಷ ಹಾಕಿ ಮತ್ತೆ ಸೇರಿಸಿಕೊಂಡ. ಊರಿಗೆ ಹೋಗುವ ಬಸ್ಸಿನಲ್ಲಿ ನಾಗಣ್ಣ ಆ ಹಾಡಿನ ಮೇಲೆ ಇನ್ನೊಂದು ಟೀಕೆ ಬರೆದ, ವಳಸಂಗದಲ್ಲಿ ಇಳಿಯುವ ಮೊದಲೇ ಮತ್ತೆ ಹೊರಗೆ ಬಿದ್ದಿದ್ದ. ನಮ್ಮ ಸಂಘಟನೆಗಳಲ್ಲಿಯೂ ಅಧ್ಯಕ್ಷರು ಹೀಗೇ ಇರುತ್ತಿದ್ದರು. ಅವರಿಗೆ ಮೊಬೈಲಿನ ಅನುಕೂಲ ಇರಲಿಲ್ಲ.

ಆದರೆ ಮುಂದಿನ ಸಂದೇಶವನ್ನು ಅಳಿಸಿ ಉಪಯೋಗವಿರಲಿಲ್ಲ. ಕರಜಗಿ ತಂಡದ ನಾಯಕಿ ಕಾಜಲ ನೇರ ಪೂನಮಳಿಗೆ ಕಳಿಸಿದ್ದಳು: ಆ ಸಾಲು ಇದ್ದರೆ ನಾವು ಈ ಹಾಡಿಗೆ ಮೈದಾನಕ್ಕೆ ಇಳಿಯುವುದಿಲ್ಲ. ಯಾರು ಬರೆದಾರೋ ಅವರನ್ನು ಕರಕೊಂಡು ಬರ್ರಿ.

ಪೂನಮ ಬಂದು ಅದನ್ನು ಓದಿ ಹೇಳಿದಳು. ಸಿದ್ದರಾಮಪ್ಪ ಬೆನ್ನಿನ ಲೋಡು ಪಕ್ಕಕ್ಕೆ ಸರಿಸಿದ. ಆಮೇಲೆ, ಅಂಗಡಿ ತೆರೆದಿರುವಾಗಲೇ, ಚಪ್ಪಲಿ ಹುಡುಕಿದ. ಆಳು ಗಾಬರಿಯಾಗಿ ಮನೆಗೆ ಫೋನು ಮಾಡಿದನಂತೆ.

ಪೂನಮಳ ಜೊತೆ ಅಕ್ಕಲಕೋಟದ ತನಕ ಒಂದು ಎಸ್.ಟಿ. ಬಸ್ಸು, ಅಲ್ಲಿಂದ ಕರಜಗಿಗೆ ಇನ್ನೊಂದು. ಸಾಲಿಯ ಮೈದಾನದಲ್ಲಿ ಎರಡು ಕಂಬ, ನಡುವೆ ಸುಣ್ಣದ ಗೆರೆ, ಗೆರೆಯ ಮೇಲೆ ಕುಕ್ಕರುಗಾಲಲ್ಲಿ ಎಂಟು ಹುಡುಗಿಯರು, ಒಬ್ಬಳ ಮುಖ ಆ ಕಡೆ, ಇನ್ನೊಬ್ಬಳದು ಈ ಕಡೆ. ಕಾಜಲ ಓಡುತ್ತಿದ್ದಳು. ಇವರನ್ನು ನೋಡಿ ನಿಂತು, ಬರೆದವರು ಎಲ್ಲಿ ಎಂದು ಪೂನಮಳನ್ನು ಕೇಳಿದಳು. ಪೂನಮ ಕೊಟ್ಟ ಮಾತಿಗೆ ಕಟ್ಟುಬಿದ್ದು ನೆಲ ನೋಡಿದಳು.

“ನಾನ ಬರ್ದೀನವ್ವಾ,” ಎಂದ ಸಿದ್ದರಾಮಪ್ಪ.

ಕಾಜಲ ಅವನ ಹೊಟ್ಟೆ ನೋಡಿದಳು, ಬಿಳಿ ಅಂಗಿ ನೋಡಿದಳು. ನಗಲಿಲ್ಲ. ಸಾಲಿನಲ್ಲಿ ಒಬ್ಬಳನ್ನು ಎಬ್ಬಿಸಿ ಆ ಜಾಗ ತೋರಿಸಿದಳು.

“ಹಂಗಾರ ಬರ್ರಿ ಕಾಕಾ. ಇಲ್ಲಿ ಕುಂದ್ರರಿ. ಹಿಮ್ಮಡಿ ನೆಲಕ್ಕ ಹಚ್ಚಬ್ಯಾಡ್ರಿ.”

ಜೀವಮಾನವಿಡೀ ಕೂತ ಮನುಷ್ಯ, ಕೂಡಲಿಕ್ಕೆ ಒದ್ದಾಡಿದ. ತುದಿಗಾಲ ಮೇಲೆ ಭಾರ, ಕೈ ಮುಂದೆ, ಕಣ್ಣು ಆಟದ ಮೇಲೆ. ತೊಡೆ ನಡುಗಿತು, ಬೆವರು ಮೂಗಿನ ತುದಿಗೆ ಬಂತು. ಅತ್ತ ಇತ್ತ ಓಡುವ ಕಾಲುಗಳ ಸದ್ದು ಹಿಂದಿನಿಂದ ಬರುತ್ತಿತ್ತು, ಯಾವಾಗ ತನ್ನ ಸರದಿಯೋ ತಿಳಿಯದು. ಬೆನ್ನಿಗೆ ಕೈ ಬಿತ್ತು, “ಖೋ!” ಸಿದ್ದರಾಮಪ್ಪ ಎದ್ದು ನಿಲ್ಲಲಿಲ್ಲ, ಚಾದರದ ಗಂಟಿನ ಹಾಗೆ ಮಗ್ಗುಲಿಗೆ ಉರುಳಿದ. ಈಗ ಎಲ್ಲರೂ ನಕ್ಕರು, ಪೂನಮಳೂ ನಕ್ಕಳು.

ಕೈಹಿಡಿದು ಎಬ್ಬಿಸುತ್ತಾ ಕಾಜಲ ಹೇಳಿದಳು: “ನಾವು ಕುಂತೀವಿ ಕಾಕಾ, ಸುಮ್ಮ ಕುಂತಿಲ್ಲ. ಬೆನ್ನಿಗೆ ಖೋ ಕೊಟ್ಟು ನೋಡ್ರಿ.”

ಇದರಲ್ಲಿ ನಾನು ಆ ಹುಡುಗಿಯ ಕಡೆ. ಧರಣಿ ಕೂತ ಯಾರನ್ನಾದರೂ ಕೇಳಿ, ಕೂಡುವುದೂ ಕೆಲಸವೇ. ಪೊಲೀಸರು ಹೆದರಿದ್ದು ಎದ್ದು ಕೂಗಿದವರಿಗಲ್ಲ, ಏಳದೆ ಕೂತವರಿಗೆ.

ಸಿದ್ದರಾಮಪ್ಪ ಅಂಗಿಯ ಮಣ್ಣು ಕೊಡವಿಕೊಂಡ. ಪೂನಮಳ ತುಟಿ ಆಗಲೇ ಕಾಜಲಳ ಮಾತನ್ನು ಲಯಕ್ಕೆ ಹಚ್ಚಿ ನೋಡುತ್ತಿತ್ತು. ಅವನಿಗೆ ಕಂಡಿತು.

“ನಂದು ತಗೀರಿ,” ಎಂದ. “ಇಕಿದು ಹಾಕ್ರಿ.”

ವಾಪಸ್ ಬರುವಾಗ ಬಸ್ಸಿನಲ್ಲಿ ತನ್ನ ಹಳೆಯ ಸಾಲಿನ ಲಯವನ್ನೇ ಮುಂದಿನ ಸೀಟಿನ ಮೇಲೆ ಬೆರಳಿನಿಂದ ಬಾರಿಸುತ್ತಾ ಬಂದನಂತೆ. ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ಪೂನಮಳಿಗೆ ತಡೆಯಲಾಗಲಿಲ್ಲ. ಮುಂದಿನ ಹಾಡಿನಲ್ಲಿ ನಿಮ್ಮದೊಂದು ಸಾಲು ಹಾಕೇ ಹಾಕುತ್ತೀವಿ ಕಾಕಾ ಎಂದು ಮಾತು ಕೊಟ್ಟಳು. ಇವನು ತಲೆಯಾಡಿಸಿದ. ಆ ರಾತ್ರಿ ನಾಗಣ್ಣ ಕಾಯಂ ಆಗಿ ಗುಂಪಿಗೆ ಸೇರಿದ.

ಪಂದ್ಯದ ದಿನ ಹಾಡು ಮೊಳಗಿತು. ‘ಕುಂತೀವಿ, ಸುಮ್ಮ ಕುಂತಿಲ್ಲ’ ಎಂದು ಮೈದಾನವೆಲ್ಲ ಹಾಡಿದರೆ, ಸಿದ್ದರಾಮಪ್ಪನ ಬಾಯಿಂದ ರೂಢಿಯಂತೆ ಹಳೆಯದೇ ಬಂತು. ಮಗ್ಗುಲಲ್ಲಿ ಕೂತ ಕಸ್ತೂರಬಾಯಿ ಅವನ ತೊಡೆ ಚಿವುಟಿದಳು. ಹುಡುಗಿಯರು ಗೆದ್ದರು, ಮರುದಿನ ಸೋತರು. ಅದರಲ್ಲಿ ಹಾಡಿನ ತಪ್ಪಿಲ್ಲ.

ಅಲ್ಲಿಂದೀಚೆ ಬ್ಯಾಂಡು ಹೊಸ ಹಾಡುಗಳನ್ನು ಮಾಡಿದೆ. ಪ್ರೀತಿಯ ಮೇಲೆ ಆಯಿತು, ಟ್ರಾಫಿಕ್ಕಿನ ಮೇಲೂ ಆಯಿತು. ಸಿದ್ದರಾಮಪ್ಪನ ಸಾಲು ಬಂದಿಲ್ಲ. ಗೋದಾಮಿನಲ್ಲಿ ಅವನು ಗಂಟಲು ಸರಿಮಾಡಿಕೊಂಡರೆ ಸಾಕು, ‘ನೋಡೂಣು ಕಾಕಾ’ ಎನ್ನುತ್ತಾರೆ. ಆ ‘ನೋಡೂಣು’ ನನಗೆ ಚೆನ್ನಾಗಿ ಗೊತ್ತು. ಕಲೆಕ್ಟರ್ ಕಚೇರಿಯವರೂ ಅದನ್ನೇ ಅನ್ನುತ್ತಿದ್ದರು. ಸಾಲು ಮಾತ್ರ ಅವನ ತಲೆಯಲ್ಲಿ ಸಿದ್ಧವಿದೆ. ಕೇಳಿದರೆ ಹೇಳುವುದಿಲ್ಲ, ಈಗ ತುದಿಗಾಲ ಮೇಲೆ ಕೂತೀನಿ ಎನ್ನುತ್ತಾನೆ.

ಖಾರಾ ಹಿಂಡಿಯ ಹಾಡು ಕೇಳುವವರೇ, ನಿಮಗೆ ಹೇಳುತ್ತಿದ್ದೇನೆ. ಮುಂದಿನ ಸಲ ಅವರು ವೇದಿಕೆ ಹತ್ತಿದಾಗ ಮೊಬೈಲು ಎತ್ತಿ ಕುಣಿಯಬೇಡಿ. ಕುರ್ಚಿ ಸರಿಸಿ ನೆಲದ ಮೇಲೆ ಕೂಡಿರಿ. ಸಿದ್ದರಾಮಪ್ಪನ ಸಾಲು ಕಿವಿಗೆ ಬೀಳುವ ತನಕ ಒಬ್ಬರೂ ಏಳಬೇಡಿ.